ಇರುವಿ ಹತ್ತಿದ ಕಲ್ಲು

ಅಧ್ಯಾಯ ಏಳು

"ಛೀ! ಏನದು ಚೆಲ್ಲಾಕತ್ತೀರಿ?"

ಮ್ಯೂಸಿಯಮ್ ನೋಡಿಕೊಳ್ಳೂ ಜ್ಞಾನೇಶ್ವರ ಮಾಸ್ತರ ಬೆಚ್ಚಿ ನೆಟ್ಟಗ ನಿಂತರು. ಕೈಯಾಗ ಬಿಳಿ ಪುಡಿ ತುಂಬಿದ ಡಬ್ಬಿ, ಬಾಯಾಗ ಎಲಿ-ಅಡಿಕಿ. ಮಾತಾಡಬೇಕಂದ್ರ ಮೊದಲು ಉಗುಳಬೇಕು. ಕಿಡಕಿ ತನಕ ಹೋಗೂ ತ್ರಾಸು ಯಾಕ ಅಂತ, ಮೇಜಿನ ಮ್ಯಾಲಿದ್ದ ಚಾದ ಗ್ಲಾಸಿನಾಗ ಉಗುಳಿದರು.

"ಇರುವಿ ರೀ, ಯಶೋಧರಾ ಮೇಡಂ. ಮುಂಜಾನಿಂದ ಸಾಲು ಹತ್ಯಾವ. ಈ ಮೂರ್ತಿ ಲಗಮ್ಯಾನ ಕುರಿ ದಡ್ಡ್ಯಾಗ ಬಿದ್ದು ಬಂದದ್ದಲ್ಲ, ಹೊಲಸು ಹತ್ತೇತಿ. ಅದಕ್ಕ ಪುಡಿ ಹಾಕಿದೆ."

ನಾ ಗ್ಲಾಸು ನೋಡಲಿಲ್ಲ, ನೆಲ ನೋಡಿದ್ನಿ. ಅಲ್ಲಿ ಇನ್ನೂ ಕೆಟ್ಟಿತ್ತು. ಬಾಗಲದ ಸಂದಿಂದ ಮೂರ್ತಿಯ ಪೀಠದ ತನಕ ಸಣ್ಣ ಕರಿ ಇರುವಿ ಸತ್ತು ಬಿದ್ದಿದ್ವು, ಸಾವಿರಾರು. ಕೆಲವು ಇನ್ನೂ ಕಾಲು ಆಡಸಾಕತ್ತಿದ್ವು.

ನಾ ತೇರದಾಳದ ಜೈನರ ಮಗಳು. ನಮ್ಮವ್ವ ದಿನಾ ಅಂಗಳದಾಗ ಇರುವಿ ಗೂಡಿನ ಬಾಯಿಗೆ ಸಕ್ರಿ-ಹಿಟ್ಟು ಇಟ್ಟ ಮ್ಯಾಲೇ ತಾ ಬಾಯಿಗೆ ನೀರು ಹಾಕ್ಕೋತಿದ್ದಳು. ಅಂಥ ಮನ್ಯಾಗ ಹುಟ್ಟಿ ಸಬ್ ಇನ್ಸ್‌ಪೆಕ್ಟರ್ ಆದಾಕಿ ನಾನು. ಹೆಣ ನೋಡೀನಿ, ಅಂಜಿಲ್ಲ. ಆದ್ರ ಹೊಲಸು, ಉಗುಳು, ನಾತ ಅಂದ್ರ ನಾ ಹತ್ರಾನೂ ಸುಳಿಯೂದಿಲ್ಲ. ಇದು ನನ್ನ ರೋಗ ಅನ್ರಿ, ಸೊಕ್ಕು ಅನ್ರಿ.

ಶುಕ್ರವಾರ ಮ್ಯೂಸಿಯಮ್ಮಿನಿಂದ ಕಾಣೆಯಾಗಿದ್ದ ಮೂರ್ತಿ ರವಿವಾರ ವಾಚಮನ್ ಲಗಮಪ್ಪನ ಕುರಿ ದಡ್ಡ್ಯಾಗ ಸಿಕ್ಕಿತ್ತು. ಲಗಮಪ್ಪ ನಮ್ಮ ಲಾಕಪ್ಪಿನಾಗಿದ್ದ. ಮಂದಿ ಪ್ರಕಾರ ಕೇಸು ಮುಗದಿತ್ತು. ಸೋಮವಾರ ಸಂಜಿ ನಾಕೂವರಿಗೆ ನಾ ಬಂದದ್ದು ಮೂರ್ತಿ ತಿರಗಿ ಕೈಗೆ ಮುಟ್ಟಿದ ಬಗ್ಗೆ ಮಾಸ್ತರ ಸಹಿ ತಗೊಳ್ಳಾಕ, ಅಷ್ಟ.

"ಮೇಡಂ, ಆರಕ್ಕ ಲಗಮಪ್ಪನ್ನ ಜಡ್ಜ್ ಸಾಹೇಬರ ಮುಂದ ಹಾಜರ ಮಾಡಬೇಕ್ರಿ," ಹವಾಲ್ದಾರ ಹಾಲೇಶ ಹಿಂದಿಂದ ನೆನಪು ಮಾಡಿದ. "ಲಗೂನ ಸಹಿ ಮಾಡಿಸ್ರಿ."

ನಂಗ ಸಹಿ ನೆನಪಿರಲಿಲ್ಲ. ಇರುವಿ ಸಾಲು ಪೀಠ ಹತ್ತಿ, ಮೂರ್ತಿಯ ಕುತ್ತಿಗಿ ಸುತ್ತಿ, ಗದ್ದದ ಕೆಳಗ ಒಂದು ಸಣ್ಣ ಬಿರುಕಿನಾಗ ಹೊಕ್ಕಿತ್ತು.

"ಮಾಸ್ತರ, ಹಿಕ್ಕಿಗೆ ನೊಣ ಬರತಾವ. ಸೆಗಣಿ ಹುಳ ಬರತಾವ. ಇರುವಿ ಯಾಕ ಬಂದ್ವು?"

"ಯಾರಿಗೆ ಗೊತ್ರಿ? ಇರುವಿನ್ನ ಕೇಳ್ರಿ," ಅಂತ ಹಲ್ಲು ಕಿಸಿದರು. ಹಲ್ಲು ಅಲ್ಲ ಅವು, ಸುಟ್ಟ ಇಟ್ಟಂಗಿ.

ಮೂರ್ತಿ ಅಂದ್ರ ದೇವರದಲ್ಲ. ಮುದಕವ್ವ ಅಂತ ಒಬ್ಬ ಕುರುಬರ ಹೆಣಮಗಳದು, ತಲಿಯಿಂದ ಎದಿ ಮಟ ಅಷ್ಟ. ತಲಿ ಮ್ಯಾಲ ಸೆರಗು, ಜೋತ ಬಿದ್ದ ಕಿವಿ, ಬಾಯಿ ಸುತ್ತ ಸುಕ್ಕು. ಆಕಿ ತನ್ನ ಹೊಲದಾಗ ಊರಿಗೆಲ್ಲ ಬಾವಿ ತೋಡಿಸಿದ್ದಳಂತ; ಬದುಕಿದ್ದಾಗಲೇ ಒಬ್ಬ ಶಿಲ್ಪಿ ಮೂರು ತಿಂಗಳು ಆಕಿ ಕೈಯಾಗಿನ ರೊಟ್ಟಿ ತಿಂದು ಕರಿಕಲ್ಲಿನಾಗ ಕಡದಿದ್ದ. ಬೀಳಗಿ ತಾಲೂಕಿನ ಆ ಊರು, ಹಳೇ ಕುರಿಹಾಳ, ಹಿನ್ನೀರಾಗ ಹೋದಾಗ ಮಂದಿ ಹೊಸ ಊರಿಗೆ ಹೋದರು, ಮೂರ್ತಿ ಜಮಖಂಡಿಯ ಈ ಹಳೇ ವಾಡೆದ ಮ್ಯೂಸಿಯಮ್ಮಿಗೆ ಬಂತು. ಅದರ ಬೆನ್ನ ಹತ್ತಿ ಲಗಮಪ್ಪನೂ ವಾಚಮನ್ ಆಗಿ ಬಂದ. ಮುದಕವ್ವ ಅವನ ಅವ್ವನ ಆಯಿ, ಅಂದ್ರ ಅಜ್ಜಿ.

ಊರವರು ಅದಕ್ಕ ಮುದಕವ್ವನ ಮಾರಿ, ಅಂದ್ರ ಮುಖ, ಅಂತಿದ್ದರು. ನಮ್ಮ ರೈಟರ್ ಎಫ್‌ಐಆರ್‌ದಾಗ 'ರುಂಡ ಕಳುವಾಗಿದೆ' ಅಂತ ಬರದದ್ದಕ್ಕ, ಬಾಗಲಕೋಟಿ ಪೇಪರಿನವರು ಯಾರ ಕೊಲಿ ಆತು ಅಂತ ಫೋನ್ ಹಚ್ಚಿದ್ದರು. ಇಂಥ ಇಲಾಖೆ ನಮ್ಮದು.

"ಹಾಲೇಶ, ನಿನ್ನೆ ಇದನ್ನ ಎಷ್ಟು ಮಂದಿ ಎತ್ತಿದ್ರಿ?"

"ಇಬ್ಬರs ರೀ. ನಾನು, ಕಾನ್‌ಸ್ಟೇಬಲ್ ದುರಗೇಶ."

"ಊರು ಮುಳುಗೂ ಮುಂದ ಟ್ರ್ಯಾಕ್ಟರಿಗೆ ಹೇರಾಕ ಆರು ಮಂದಿ ಗಂಡಸರು ಬೇಕಾಗಿದ್ರು, ತಂಗಿ."

ಮಾತು ಬಾಗಲದ ಕಡಿಂದ ಬಂತು. ಸಿದ್ದಕ್ಕ, ಲಗಮಪ್ಪನ ಅವ್ವ, ಮುಂಜಾನಿಂದ ಮೆಟ್ಟಲ ಮ್ಯಾಲ ಕುಂತಾಕಿ, ಈಗ ಹೊಸ್ತಿಲದಾಗ ನಿಂತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಹೆಗಲ ಮ್ಯಾಲ ಕಂಬಳಿ, ಸೊಂಟದಾಗ ಬೀರದೇವರ ಭಂಡಾರದ ಸಂಚಿ. ಭಂಡಾರ ಅಂದ್ರ ಅರಿಷಿಣದ ಪುಡಿ. ಆ ಮಂದಿಗೆ ಅದರ ಮುಂದ ಬಂಗಾರನೂ ಇಲ್ಲ.

"ಏ ಮುದುಕಿ, ಹೊರಗ ಕುಂಡ್ರು ಅಂದಿಲ್ಲ?" ಮಾಸ್ತರ ಚೀರಿದರು. "ನೋಡ್ರಿ ಮೇಡಂ, ಮಗ ಕದೀತಾನ, ಅವ್ವ ಬಂದು ಕಣ್ಣೀರು ಹಾಕ್ತಾಳ. ಅವನ ನೌಕರಿ ನಾಳೆ ಹೋತಂತ ತಿಳೀರಿ. ನಾ ಆಗಲೇ ಬರದು ಕಳಸೇನಿ."

"ಕಣ್ಣೀರು ಹಾಕಾಕ ಬಂದಿಲ್ಲರಿ," ಅಂದಳು ಸಿದ್ದಕ್ಕ. "ನಮ್ಮಾಯಿ ಹಣಿಗೆ ಭಂಡಾರ ಹಚ್ಚಿ, ನನ್ನ ಮಗನ ಸಲುವಾಗಿ ಒಂದು ಮಾತು ಕೇಳಿ ಹೋಗ್ತೀನಿ. ಅಷ್ಟs."

"ಇದು ಗುಡಿ ಅಲ್ಲ! ಲಗಮ್ಯಾನೂ ಅಮಾಸಿಗೊಮ್ಮೆ ಕಳ್ಳರಂಗ ಅರಿಷಿಣ ಮೆತ್ತತಿದ್ದ. ಒರಸಿ ಒರಸಿ ನನ್ನ ಕೈ ಸೋತಾವ."

"ಎಷ್ಟು ವರ್ಷದಿಂದ ಮೆತ್ತತಿದ್ದ ರೀ?" ನಾ ಕೇಳಿದ್ನಿ.

"ಎಂಟು ವರ್ಷ."

ನಾ ಬಗ್ಗಿ ಮೂರ್ತಿಯ ಕಿವಿ ನೋಡಿದ್ನಿ. ಜೋತ ಬಿದ್ದ ಹಾಲೆ, ಅದರ ಹಿಂದ ಆಳಾದ ಸಂದಿ. ಎಂಟು ವರ್ಷದ ಅರಿಷಿಣ ಎಷ್ಟು ಒರಸಿದ್ರೂ ಅಲ್ಲಿ ಉಳೀಬೇಕು. ಗ್ವಾಡಿ ಮ್ಯಾಲಿನ ಹಳೇ ಫೋಟೋದಾಗೂ ಆ ಸಂದಿ ಹಳದೀನೇ ಇತ್ತು. ಇಲ್ಲಿ ಒಂದು ಕಣ ಇರಲಿಲ್ಲ, ಕರ್ರಗ ಸ್ವಚ್ಛ.

"ಇಲ್ಲಿಂದು ಎಲ್ಲಿ ಹೋತು ಮಾಸ್ತರ?"

"ಅದು... ದಡ್ಡ್ಯಾಗ ಕುರಿ ನೆಕ್ಕಿರಬೇಕು."

"ಕಿವಿ ಸಂದ್ಯಾಗ ನಾಲಿಗಿ ಹಾಕಿ?"

ಮಾಸ್ತರ ಇನ್ನೊಂದು ಎಲಿ ಮಡಚಿ ಬಾಯಿಗೆ ತುರುಕಿದರು.

ಅಷ್ಟೊತ್ತಿಗೆ ನಂಗ ನಿನ್ನಿದು ಎಲ್ಲಾ ಕಣ್ಣಮುಂದ ಬಂತು, ಬಂದು ಎದ್ಯಾಗ ಕುಂತಿತು. ಮೂರ್ತಿ ಕುರಿ ಹಿಕ್ಕಿ, ಗಂಜಳದಾಗ ಮಾರಿ ಕೆಳಗಾಗಿ ಬಿದ್ದಿತ್ತು. ನಾ ಮೂಗಿಗೆ ಕರ್ಚೀಪು ಹಿಡದು ಹತ್ತು ಹೆಜ್ಜಿ ದೂರ ನಿಂತಿದ್ನಿ. ಮಾಸ್ತರ ಅಲ್ಲಿಂದಲೇ "ಹೌದ್ರಿ, ಇದೇ, ಯಾರೂ ನೀರು ಹಾಕಿ ತೊಳೀಬ್ಯಾಡ್ರಿ, ಹಳೇ ವಸ್ತು" ಅಂದರು. ಪಂಚರಿಬ್ಬರು ಗೋಣು ಹಾಕಿದರು. ಹಾಲೇಶ, ದುರಗೇಶ ಗೋಣಿಚೀಲ ಸುತ್ತಿ ಎತ್ತಿದರು. ನಾ ಪಂಚನಾಮೆಕ್ಕ ಸಹಿ ಹಾಕಿದ್ನಿ.

ಒಬ್ಬರೂ ಮುಟ್ಟಿರಲಿಲ್ಲ. ನಾನೂ ಮುಟ್ಟಿರಲಿಲ್ಲ. ಹಿಕ್ಕಿ ಅಂತ ಹೇಸಿದ್ನಿ, ಆ ಹೇಸಿಗಿ ಒಬ್ಬ ಮನಷ್ಯಾನ್ನ ಲಾಕಪ್ಪಿಗೆ ಹಾಕಿತ್ತು.

ಲಗಮಪ್ಪನ್ನ ನಾ ಮಧ್ಯಾಹ್ನ ನೋಡಿ ಬಂದಿದ್ನಿ. ಕುಂತಲ್ಲೇ ಕುಂತಿದ್ದ. ಚಾ ಕೊಟ್ರ ಬಲಗೈಯಾಗ ಮೂರೇ ಬೆರಳಿಲೆ ಗ್ಲಾಸು ಹಿಡದ. ಉಂಗುರ ಬೆರಳು, ಕಿರಿಬೆರಳು ವಯಸ್ಸಿನಾಗ ಮಹಾಲಿಂಗಪುರದ ಕಬ್ಬಿನ ಗಾಣಕ್ಕ ಸಿಕ್ಕು ಬುಡಕ್ಕ ಹೋಗಿದ್ವು. "ಮೂರು ಬೆರಳಿನ ಕಳ್ಳ" ಅಂತ ದುರಗೇಶ ನಕ್ಕ. ಅಂಥ ನಗಿ ಕೇಳಿದ್ರ ಮೈ ತೊಳಕೊಬೇಕು ಅನಸತೈತಿ. ಕದ್ದಿಯೇನು ಅಂತ ಕೇಳಿದ್ರ ಲಗಮಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಮುದಕವ್ವ ಎಲ್ಲಿರಬೇಕೋ ಅಲ್ಲೇ ಅದಾಳ್ರಿ. ನೀವು ಚಿಂತಿ ಬಿಡ್ರಿ," ಅಂದ. ಮ್ಯೂಸಿಯಮ್ಮಿಗೆ ತಿರಗಿ ಬಂದಳಲ್ಲ, ಅದಕ್ಕ ಹಂಗ ಅಂದ ಅಂತ ನಾ ತಿಳಕೊಂಡಿದ್ನಿ.

"ಯವ್ವಾ, ಒಳಗ ಬಾ," ಅಂದ್ನಿ ಸಿದ್ದಕ್ಕಗ. "ಭಂಡಾರ ಹಚ್ಚು."

"ಮೇಡಂ, ನಾ ಇದನ್ನ ಮ್ಯಾಲಿನವರಿಗೆ ಬರೀತೀನಿ!"

"ಬರೀರಿ. ಕಾಗದ ಬೇಕಂದ್ರ ನಾ ಕೊಡ್ತೀನಿ."

ಸಿದ್ದಕ್ಕ ಸತ್ತ ಇರುವಿ ತುಳೀದಂಗ ಸುತ್ತ ಹಾಕಿ ಬಂದಳು. ಅದೊಂದು ನಂಗ ಭಾಳ ಹಿಡಿಸಿತು. ಸಂಚಿ ಬಿಚ್ಚಿ ಎಡಗೈ ತುಂಬ ಭಂಡಾರ ಹಿಡದಳು.

"ತಂಗಿ, ಭಂಡಾರ ಕೈಯಾಗಿದ್ದಾಗ ನಾವು ಸುಳ್ಳು ಆಡೂದಿಲ್ಲ. ನನ್ನ ಮಗ ಕಳ್ಳ ಅಲ್ಲ."

ಇದು ಬರೇ ಮಾತಲ್ಲ. ಈ ಭಾಗದಾಗ ಹತ್ತು ವರ್ಷ ನೌಕರಿ ಮಾಡೀನಿ. ಕುರಿ ಕಳುವಿರಲಿ, ಹೊಲದ ಬದುವಿನ ಜಗಳಿರಲಿ, ಭಂಡಾರ ಹಿಡದು ಸುಳ್ಳು ಹೇಳಿದ ಒಬ್ಬನ್ನೂ ನೋಡಿಲ್ಲ. ಸುಳ್ಳು ಹೇಳಬೇಕಾದವ ಮೊದಲು ಭಂಡಾರ ಸಂಚಿಗೆ ಹಾಕಿ ಕೈ ಒರಸಿಕೊಂತಾನ, ಆಮ್ಯಾಲ ಬಾಯಿ ತೆಗೀತಾನ. ಎಷ್ಟೋ ಕೇಸಿನಾಗ ನಾ ಬಾಯಿ ಬಿಟ್ಟು ಕೈ ನೋಡೇ ಖರೆ ತಿಳಕೊಂಡೀನಿ.

ಆಕಿ ಬಲಗೈ ಬೆರಳು ಮೇಜಿನ ಮ್ಯಾಲಿನ ತಂಬಗಿ ನೀರಾಗ ಅದ್ದಿ, ಭಂಡಾರ ಕಲಸಿ, ಮೂರ್ತಿಯ ಹಣಿಗೆ ಅಡ್ಡ ಎಳದಳು. ದಡ್ಡ್ಯಾಗ ಕಲ್ಲಿಗೆ ತಿಕ್ಕಿ ಹಣಿ ಸ್ವಲ್ಪ ತರಚಿತ್ತು. ಬೆರಳು ಆ ತರಚಿದಲ್ಲೇ ಹಾದಿ ಹೋತು.

ಒಂದು ಗಳಿಗಿ ಹಳದಿ ಇತ್ತು. ನೋಡನೋಡತಿದ್ದಂಗ ಕೇಸರಿ ಆತು. ಆಮ್ಯಾಲ ಕೆಂಪು, ರಗತದಂಥ ಕೆಂಪು.

"ಯವ್ವಾ!" ಸಿದ್ದಕ್ಕ ಹಿಂದ ಸರದಳು. "ರಗತ! ನಮ್ಮಾಯಿ ಸಿಟ್ಟಾಗ್ಯಾಳ!"

"ಬೀರಪ್ಪಾ, ಕಾಯೋ," ಅಂತ ಹಾಲೇಶ ಟೊಪಗಿ ತೆಗದ. ಹದಿನೆಂಟು ವರ್ಷದ ಸರ್ವಿಸ್ ಅವಂದು. ಮಾಸ್ತರ ಅಗಿಯೂದು ನಿಲ್ಲಿಸಿದರು.

"ರಗತಲ್ಲ ಯವ್ವಾ," ಅಂದ್ನಿ. "ನಿನ್ನ ಮಗನ ಲಗ್ನದಾಗ ಓಕುಳಿ ನೀರು ಮಾಡಿದ್ದಿಲ್ಲ?"

"ಮಾಡಿದ್ದೆ."

"ಹೆಂಗ ಮಾಡಿದಿ?"

"ಅರಿಷಿಣದ ನೀರಿಗೆ ಸುಣ್ಣ ಹಾಕಿ..." ಅಂದಾಕಿ ಬಾಯಿ ಅರ್ಧಾ ತೆರದಂಗ ನಿಂತಳು.

"ಕರಿಕಲ್ಲಿನಾಗ ಸುಣ್ಣ ಎಲ್ಲಿಂದ ಬಂತು, ಮಾಸ್ತರ?"

ಜೀಪಿನ ಕೀಲಿ ತಗೊಂಡು ಗದ್ದದ ಕೆಳಗಿನ ಬಿರುಕು ಕೆರದ್ನಿ. ಕರಿ ಬಣ್ಣದ ಒಳಗ ಬೂದಿ ಬಣ್ಣದ ಪುಡಿ ಉದುರಿತು. ಬೆರಳಿಗೆ ತಗೊಂಡು ಮೂಸಿದ್ನಿ. ಗಾಣದ ಮುಂದ ನಿಂತಂಗಾತು. ಹಳೇ ವಾಡೆದ ಗ್ವಾಡಿ ಕಟ್ಟಿದ ಗಚ್ಚು ಇದೇ: ಸುಣ್ಣ, ಉಸುಕು, ಬೆಲ್ಲದ ನೀರು. ಬೆಲ್ಲ ಇದ್ದಲ್ಲಿ ಇರುವಿ. ಸುಣ್ಣ ಇನ್ನೂ ಹಸೀದು, ಅದಕ್ಕ ಇಷ್ಟು ಲಗೂ ಕೆಂಪಾತು. ಒಂದು ತಿಂಗಳ ಹಿಂದ ಮಾಡಿದ್ದಿರಬೇಕು.

"ಖೊಟ್ಟಿ," ಅಂದ ಹಾಲೇಶ.

"ಖೊಟ್ಟಿ. ಖರೆ ಮುದಕವ್ವ ಬ್ಯಾರೆ ಎಲ್ಲೋ ಅದಾಳ. ಬೆಲ್ಲದ ಮಾರಿ ಮಾಡಿ ಒಬ್ಬ ಬಡವನ ದಡ್ಡ್ಯಾಗ ಒಗದು, ಅವನ್ನ ಕಳ್ಳನ್ನ ಮಾಡ್ಯಾರ."

ನಾ ಮಾಸ್ತರ ಕಡೆ ತಿರಗಿದ್ನಿ. ಅಂಜತಾರ, ಬೆವರತಾರ ಅನಕೊಂಡಿದ್ನಿ. ಇಲ್ಲ. ಮಾಸ್ತರ ಕುರ್ಚಿ ಎಳಕೊಂಡು ಆರಾಮ ಕುಂತರು. ಗ್ಲಾಸಿನಾಗ ಉಗುಳಿದರು. ಗ್ಲಾಸು ತುಂಬಾಕ ಬಂದಿತ್ತು.

"ಪಂಚನಾಮೆದಾಗ ಮೊದಲನೇ ಸಹಿ ಯಾರದ್ರಿ ಮೇಡಂ?"

ನಾ ಕೀಲಿಗೆ ಹತ್ತಿದ ಸುಣ್ಣ ಝಾಡಿಸಿದ್ನಿ.

"ನಿಮ್ಮದು. 'ಕರಿಕಲ್ಲಿನ ಮೂರ್ತಿ, ಖುದ್ದ ಪರೀಕ್ಷಿಸಿದೆ.' ಓದೇನಿ ನಾ. ಈಗ ಖೊಟ್ಟಿ ಅಂತ ಬರದ್ರ ಮಂದಿ ಏನಂತಾರ? ಖರೇದು ಜೀಪಿನಾಗ ಸಾಗಿಸಿ ಮೇಡಂ ಖೊಟ್ಟಿ ತಂದಿಟ್ಟರು ಅಂತಾರ. ಸಸ್ಪೆಂಡ್ ಆಗ್ತೀರಿ."

"ಖರೇದು ಎಲ್ಲೈತಿ ಮಾಸ್ತರ?"

"ನಂಗೇನ ಗೊತ್ತು? ನನಗೂ ಈಗಷ್ಟ ಗೊತ್ತಾತು. ನಾನೂ ನಿಮ್ಮಂಗ ದೂರ ನಿಂತಾವ." ಎದ್ದು ನನ್ನ ಹತ್ರ ಬಂದರು, ದನಿ ಇಳಿಸಿದರು. "ಹೋಗ್ಲಿ ಬಿಡ್ರಿ ಅತ್ತ. ಹಣಿ ಒರಸೋಣ, ಬಿರುಕಿಗೆ ಮೇಣ ತುಂಬೋಣ. ಒಬ್ಬ ವಾಚಮನ್ ಆರು ತಿಂಗಳು ಒಳಗಿದ್ದು ಬಂದ್ರ ಜಗತ್ತು ಮುಳುಗತೈತೇನು? ಅಂಥಾ ಮಂದಿಗೆ ಅಲ್ಲಿ ಎರಡು ಹೊತ್ತು ಊಟನಾದ್ರೂ ಸಿಗತೈತಿ."

ಇದನ್ನ ಹೇಳೂ ಮುಂದ ಲಗಮಪ್ಪನ ಅವ್ವ ಮೂರು ಮೊಳ ದೂರ ನಿಂತಿದ್ದಳು. ಮಾತಿನ ಜೋಡಿ ಮಾಸ್ತರ ಬಾಯಿಂದ ಒಂದು ಕೆಂಪು ಹನಿ ಹಾರಿ ನನ್ನ ಖಾಕಿ ತೋಳಿಗೆ ಬಿತ್ತು.

ಬ್ಯಾರೆ ದಿನ ಆಗಿದ್ರ ನಾ ಅಲ್ಲೇ ಕಾರಿಕೊಂತಿದ್ನಿ. ಅವತ್ತು ಒರಸಲಿಲ್ಲ ಸುದ್ದಾ. ಈ ಹನಿಗಿಂತ ನನ್ನ ಸಹಿ ಹೊಲಸಿತ್ತು. ಮುಟ್ಟದs ಮುಟ್ಟೀನಿ ಅಂತ ಬರದಾಕಿ ನಾನು. ಈ ಮನಷ್ಯಾನ ಮುಂದ ಮೂಗು ಮುಚ್ಚಿಕೊಳ್ಳಾಕ ನಂಗೇನು ಹಕ್ಕೈತಿ? ಥೂ ಅನಸಿತು, ನನಗ ನಾನೇ.

"ಬರೀತೀನಿ ಮಾಸ್ತರ," ಅಂದ್ನಿ. "ನನ್ನ ಸಹಿ ಸುಳ್ಳು ಅಂತ ನನ್ನ ಕೈಯಾರೆ ಬರೀತೀನಿ. ಸಸ್ಪೆಂಡ್ ಆದ್ರ ತೇರದಾಳಕ್ಕ ಹೋಗಿ ಇರುವಿಗೆ ಸಕ್ರಿ ಹಾಕ್ಕೋತ ಕುಂಡ್ರತೀನಿ. ಹಾಲೇಶ, ಠಾಣೆಗೆ ಫೋನ್ ಹಚ್ಚು. ಲಗಮಪ್ಪನ್ನ ಇನ್ನೂ ಜಡ್ಜರ ಕಡೆ ಒಯ್ಯಬ್ಯಾಡ್ರಿ ಅನ್ನು."

"ಮೇಡಂ, ಒಂದs ಸಲ ವಿಚಾರ ಮಾಡ್ರಿ..."

"ಹಚ್ಚೋ!"

ಹಾಲೇಶ ಫೋನ್ ಹಚ್ಚಿ ಹೇಳಿದ. ಸಿದ್ದಕ್ಕ ಭಂಡಾರದ ಮುಷ್ಟಿ ಎದಿಗೆ ಒತ್ತಿಕೊಂಡು ನನ್ನ ನೋಡಿದಳು. ಆ ನೋಟಕ್ಕ ನಾ ಯೋಗ್ಯ ಇರಲಿಲ್ಲ.

"ಈಗ ಹೊಸಾ ಪಂಚನಾಮೆ," ಅಂದ್ನಿ. "ಈ ಸಲ ಮುಟ್ಟಿ. ಹೊಳ್ಳಿಸೋ ಇದನ್ನ."

ಹಾಲೇಶ ಮೂರ್ತಿ ಮಗ್ಗಲಕ್ಕ ಹೊಳ್ಳಿಸಿದ. ತಳಕ್ಕ ಗೋಣಿ ತುಂಡು ಮೆತ್ತಿದ್ದರು. ಹರದ್ನಿ. ಒಳಗ ಟೊಳ್ಳು. ಹುಳಿ ಬೆಲ್ಲ, ಹಸಿ ಸುಣ್ಣ, ಗಂಜಳ ಕೂಡಿದ ನಾತ ಮಾರಿಗೆ ಬಡೀತು. ಕತ್ತಲದಾಗ ಜೀವಂತ ಇರುವಿ ಬುಳುಬುಳು ಅನ್ನಾಕತ್ತಿದ್ವು.

"ಕಡ್ಡಿ ಹಾಕಿ ನೋಡ್ಲೇನ್ರಿ?" ಹಾಲೇಶ ಕೇಳಿದ.

"ಬ್ಯಾಡ."

ಕಣ್ಣು ಮುಚ್ಚಿ ಬಲಗೈ ಮೊಣಕೈ ಮಟ ಒಳಗ ಹಾಕಿದ್ನಿ. ಇರುವಿ ತೋಳಿಗೆ ಹತ್ತಿದ್ವು. ಹತ್ತಲಿ. ಒಳಗಿನ ಗ್ವಾಡಿ ತಗ್ಗು ತಗ್ಗಾಗಿತ್ತು. ಗಚ್ಚು ಹಸಿ ಇದ್ದಾಗ ಅಂಗೈಲೆ ಒತ್ತಿ ಒತ್ತಿ ಮೆತ್ತಿದ್ದ ಯಾವನೋ. ಅವನ ಬೆರಳಿನ ಗುರುತು ಅಲ್ಲೇ ಒಣಗಿ ಉಳದಿದ್ವು.

"ಸಿಕ್ಕ!" ಅಂತ ಒದರಿದ್ನಿ. "ಮಾಡಿದಾವ ತನ್ನ ಕೈ ಒಳಗs ಬಿಟ್ಟು ಹೋಗ್ಯಾನ! ಇದರ ಅಚ್ಚು ತಗದ್ರ ಮುಗೀತು. ಯಾರದು ಅಂತ ನಾಳೆ ಊರಿಗೆಲ್ಲ ಗೊತ್ತಾಗತೈತಿ, ಮಾಸ್ತರ."

ಮಾಸ್ತರ ಅಂಗೈ ಎತ್ತಿ ತಮ್ಮ ಐದೂ ಬೆರಳು ತೋರಿಸಿದರು. "ತಗೀರಿ ಅಚ್ಚು. ನಂದೂ ತಗೀರಿ."

ನಾ ಆ ಗುರುತಿನಾಗ ನನ್ನ ಬೆರಳು ಕೂಡಿಸಿದ್ನಿ. ಹೆಬ್ಬೆರಳು ಕುಂತಿತು. ತೋರಬೆರಳು ಕುಂತಿತು. ನಡುಬೆರಳು. ಉಂಗುರ ಬೆರಳಿಗೆ ಜಾಗ ಸಿಗಲಿಲ್ಲ. ಅಲ್ಲಿ ಒಂದು ಗಿಡ್ಡ, ದುಂಡನ್ನ, ಮೊಂಡ ತಗ್ಗು. ಅದರ ಬಾಜೂಕ ಅಂಥದೇ ಇನ್ನೊಂದು.

ಬ್ಯಾರೆ ಕಡೆ ತಡವಿದ್ನಿ. ಅಲ್ಲೂ ಹಂಗs. ಮತ್ತೊಂದು ಕಡೆ. ಹಂಗs. ಮೂರು ಬೆರಳು, ಎರಡು ಮೊಂಡ.

ಮಧ್ಯಾಹ್ನ ಲಗಮಪ್ಪ ಮೂರು ಬೆರಳಿಲೆ ಹಿಡದ ಚಾದ ಗ್ಲಾಸು ಕಣ್ಣಿಗೆ ಕಟ್ಟಿತು; ಅವ ಆಡಿದ್ದು ಮ್ಯೂಸಿಯಮ್ಮಿನ ಮಾತಲ್ಲ. ಮುದಕವ್ವ ಎಲ್ಲಿರಬೇಕೋ ಅಲ್ಲೇ ಅದಾಳ್ರಿ.

"ಏನಾತ್ರಿ ಮೇಡಂ?" ಅಂದರು ಮಾಸ್ತರ. "ಮಾರಿ ಯಾಕ ಇಳೀತು? ಯಾರ ಕೈ ರೀ ಅದು?"

ನಾ ಕೈ ಹೊರಗ ತಗದ್ನಿ.

"ನಾ ನೋಡ್ತೀನಿ ತಂಗಿ," ಅಂದಳು ಸಿದ್ದಕ್ಕ. "ನನ್ನ ಮಗನ್ನ ಹಾಳ ಮಾಡಿದಾವನ ಕೈ ನಾನೂ ಮುಟ್ಟಿ ನೋಡ್ತೀನಿ."

"ಬ್ಯಾಡ ಯವ್ವಾ..."

ಆಕಿ ಆಗಲೇ ಕೂತು, ಬಲಗೈ ಒಳಗ ಹಾಕಿದ್ದಳು. ಎಡಮುಷ್ಟ್ಯಾಗ ಭಂಡಾರ ಹಂಗೇ ಇತ್ತು. ಆಕಿ ತೋಳು ಮೆಲ್ಲಕ ಆಡಿತು, ನಿಂತಿತು, ಮತ್ತ ಆಡಿತು. ಗಾಣಕ್ಕ ಸಿಕ್ಕ ಆ ಕೈ ವಾಸಿ ಆಗೂ ಮಟ ಔಷಧ ಹಚ್ಚಿ, ಬಟ್ಟಿ ಕಟ್ಟಿ, ತುತ್ತು ಮಾಡಿ ಉಣಿಸಿದಾಕಿ ಆಕಿ. ಆಕಿಗೆ ಅಚ್ಚು ಬೇಕಾಗಿರಲಿಲ್ಲ.

ಕೈ ಹೊರಗ ಬಂತು. ಸಿದ್ದಕ್ಕನ ಮಾರ್ಯಾಗ ಏನೂ ಇರಲಿಲ್ಲ, ಮುದಕವ್ವನ ಮಾರಿಯಂಗ.

"ಹೇಳು ಮುದುಕಿ," ಮಾಸ್ತರ ಮುಂದ ಬಗ್ಗಿದರು. "ಏನೈತಿ ಒಳಗ?"

ಹಾಲೇಶ ಹೊಸಾ ಕಾಗದ ತೊಡಿ ಮ್ಯಾಲ ಇಟ್ಟು, ಪೆನ್ನು ಬಿಚ್ಚಿ ಕಾಯಾಕತ್ತಿದ್ದ. ಆಕಿ ಹೇಳಿದ್ದನ್ನ ಬರಕೊಳ್ಳಾಕ.

ಸಿದ್ದಕ್ಕ ಎಡಮುಷ್ಟಿ ಬಿಚ್ಚಿದಳು. ಭಂಡಾರನೆಲ್ಲಾ ಒಂದು ಕಣ ಚೆಲ್ಲದಂಗ ಸಂಚಿಗೆ ಸುರವಿದಳು. ಸಂಚಿಯ ಬಾಯಿ ಬಿಗದಳು. ಆಮ್ಯಾಲ ಸೆರಗಿನ ಚುಂಗು ಹಿಡದು ಎರಡೂ ಅಂಗೈ, ಒಂದೊಂದೇ ಬೆರಳು, ಉಗುರಿನ ಸಂದಿ ಸುದ್ದಾ, ಹಳದಿ ಹೋಗೂ ಮಟ ಒರಸಿಕೊಂಡಳು.

ಒರಸಿಕೊಂಡು ನನ್ನ ಕಣ್ಣಾಗ ಕಣ್ಣಿಟ್ಟು ಅಂದಳು:

"ಏನಿಲ್ಲ ತಂಗಿ. ಒಳಗ ಬರೇ ಇರುವಿ ಅದಾವ."